ಒಂದು ಪೆಟ್ಟಿಗೆಯ ಜಾಗದಲ್ಲಿ ಮೂರು: ಸ್ಟ್ರೀಮರ್, ಡ್ಯಾಕ್, ಸಿಡಿ ಟ್ರಾನ್ಸ್‌ಪೋರ್ಟ್ ಬಿಡಿಬಿಡಿಯಾಗಿ ಜೋಡಿಸಿಕೊಂಡ ಮೇಲೆ

ನಮ್ಮ ಮನೆಯ ಹಜಾರದಲ್ಲಿ ಒಂಬತ್ತು ವರ್ಷ ಕೂತಿದ್ದ ಸಂಗೀತದ ಪೆಟ್ಟಿಗೆಯೊಂದು ಕಳೆದ ವರ್ಷ ಅರ್ಧ ಸತ್ತಿತು. ಸಿಡಿ ಪ್ಲೇಯರ್, ಎಫ್‌ಎಂ ರೇಡಿಯೊ, ಇಂಟರ್ನೆಟ್ಟಿನಿಂದ ಹಾಡು ತರಿಸುವ ಭಾಗ, ಆಂಪ್ಲಿಫೈಯರ್ ಎಲ್ಲವನ್ನೂ ಒಂದೇ ಕವಚದೊಳಗೆ ತುಂಬಿದ್ದ ಯಂತ್ರ ಅದು. ಮೊದಲು ಅದರ ಆ್ಯಪ್ ಹೊಸ ಫೋನಿನಲ್ಲಿ ತೆರೆಯದಾಯಿತು. ಆರು ತಿಂಗಳು ಕಳೆಯುವುದರೊಳಗೆ ಸಿಡಿ ಓದುವ ಲೆನ್ಸ್ ತೊದಲತೊಡಗಿತು. ಆಂಪ್ಲಿಫೈಯರ್ ಮಾತ್ರ ಕೊಂಡ ದಿನ ಹೇಗಿತ್ತೋ ಹಾಗೆಯೇ ಇತ್ತು. ದುರಸ್ತಿಗೆ ಕೊಟ್ಟ ಕಡೆ, "ಇದರ ಬೋರ್ಡ್ ಬರೋದು ನಿಂತುಹೋಗಿದೆ ಸಾರ್, ಹೊಸದು ತಗೊಳ್ಳಿ" ಎಂದರು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬಂತೆ, ಬೇರೆ ಬೇರೆ ಆಯಸ್ಸಿನ ನಾಲ್ಕು ವಸ್ತುಗಳನ್ನು ಒಂದೇ ನೊಗಕ್ಕೆ ಕಟ್ಟಿದ್ದೇ ನನ್ನ ತಪ್ಪು ಎಂದು ಆಗ ತಿಳಿಯಿತು. ಆದ್ದರಿಂದ ಈ ಸಲ ಭಾಗಗಳನ್ನು ಬಿಡಿಬಿಡಿಯಾಗಿಯೇ ಕೊಂಡೆ. ಹದಿಮೂರು ತಿಂಗಳು ಬಳಸಿದ ಮೇಲೆ ಅವುಗಳ ಬಗ್ಗೆ ಬರೆಯುತ್ತಿದ್ದೇನೆ.

ಕೊಂಡದ್ದು ಎರಡು: ಇಂಟರ್ನೆಟ್ಟಿನಿಂದಲೋ ಮನೆಯ ಹಾರ್ಡ್ ಡಿಸ್ಕಿನಿಂದಲೋ ಹಾಡು ತರಿಸುವ ವೀಮ್ ಪ್ರೊ ಎಂಬ ಸ್ಟ್ರೀಮರ್ ಮತ್ತು ಆ ಹಾಡಿನ ಅಂಕಿಗಳನ್ನು ಆಂಪ್ಲಿಫೈಯರಿಗೆ ತಕ್ಕ ವಿದ್ಯುತ್ ಅಲೆಯಾಗಿಸುವ, ಟಾಪಿಂಗ್ ಕಂಪನಿಯ ಇ-30 ಡ್ಯಾಕ್‌ನ ಎರಡನೆಯ ಆವೃತ್ತಿ. ಎರಡೂ ಸೇರಿ 30,000 ರೂಪಾಯಿಯೊಳಗೆ ಬಂದವು. ಸಿಡಿ ಓದುವುದಕ್ಕೆ ಅಟ್ಟದ ಮೇಲಿದ್ದ ಹಳೆಯ ಡಿವಿಡಿ ಪ್ಲೇಯರನ್ನೇ ಇಳಿಸಿಕೊಂಡೆ. ಆಂಪ್ಲಿಫೈಯರ್ ನಮ್ಮ ಭಾವನವರ ಮನೆಯ ಕಪಾಟಿನಲ್ಲಿ ಧೂಳು ಹಿಡಿಯುತ್ತಿದ್ದ ಹಳೆಯ ಸ್ಟೀರಿಯೊ. ಅದರಲ್ಲಿ ಡಿಜಿಟಲ್ ಎನ್ನುವ ಭಾಗವೇ ಇಲ್ಲ, ಹಾಗಾಗಿ ಹಳತಾಗುವುದಕ್ಕೂ ಅದರಲ್ಲಿ ಹೆಚ್ಚೇನಿಲ್ಲ. ಸ್ಪೀಕರುಗಳು ಮೊದಲಿನಿಂದ ಇದ್ದವೇ.

ಬಿಡಿ ಭಾಗಗಳು ಎಂದೊಡನೆ ಹೆಚ್ಚಿನವರು ನಾದದ ಗುಣದ ಮಾತನ್ನು ಎತ್ತುತ್ತಾರೆ. ಆ ಮಾತಿಗೆ ಮುಂದೆ ಬರುತ್ತೇನೆ. ನನ್ನ ಲೆಕ್ಕದಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಯಾವ ಭಾಗ ಎಷ್ಟು ವರ್ಷ ಬಾಳುತ್ತದೆ ಎಂಬುದು. ಸ್ಟ್ರೀಮರ್ ಎಂದರೆ ಒಂದು ಸಣ್ಣ ಕಂಪ್ಯೂಟರ್; ತಂತ್ರಾಂಶ ನಿಂತ ದಿನ ಅದು ಇಟ್ಟಿಗೆ. ಲಾಜಿಟೆಕ್ ಕಂಪನಿ ಸ್ಕ್ವೀಜ್‌ಬಾಕ್ಸ್ ಎಂಬ ಸ್ಟ್ರೀಮರುಗಳ ಸಾಲನ್ನು 2012ರಲ್ಲಿ ನಿಲ್ಲಿಸಿತು. ಅದರ ಸರ್ವರ್ ತಂತ್ರಾಂಶ ಮುಕ್ತವಾಗಿದ್ದುದರಿಂದ ಬಳಕೆದಾರರೇ ಅದನ್ನು ಇಂದಿಗೂ ಉಳಿಸಿಕೊಂಡು ಬಂದಿದ್ದಾರೆ. ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೊ ಎಂಬ ಸ್ಟ್ರೀಮರ್ 2015ರಲ್ಲಿ ಬಂತು, 2019ರ ಜನವರಿಯ ಹೊತ್ತಿಗೆ ಅದರ ಉತ್ಪಾದನೆ ನಿಂತಿತು. ಇದಕ್ಕೆ ಎದುರಾಗಿ, ಈ ಪೆಟ್ಟಿಗೆಗಳನ್ನು ಒಂದಕ್ಕೊಂದು ಜೋಡಿಸುವ ಎಸ್‌ಪಿಡಿಐಎಫ್ ಎಂಬ ಡಿಜಿಟಲ್ ಕೊಂಡಿಯನ್ನು ನೋಡಿ. ಸೋನಿ ಮತ್ತು ಫಿಲಿಪ್ಸ್ 1980ರ ದಶಕದಲ್ಲಿ ರೂಪಿಸಿದ ಆ ಕೊಂಡಿ ಇವತ್ತಿಗೂ ಹಾಗೆಯೇ ಇದೆ. ಅದರ ಬೆಳಕಿನ ರೂಪವಾದ ಟಾಸ್‌ಲಿಂಕ್ ಆಪ್ಟಿಕಲ್ ಕೇಬಲ್ಲನ್ನು ತೋಷಿಬಾ ತಂದದ್ದು 1983ರಲ್ಲಿ. ಅಂದಿನ ಸಿಡಿ ಪ್ಲೇಯರಿಗೆ ಅಂತಹ ಕಿಂಡಿ ಇದ್ದರೆ ನೆನ್ನೆ ಕೊಂಡ ಡ್ಯಾಕ್‌ಗೆ ನೇರವಾಗಿ ಸಿಕ್ಕಿಸಬಹುದು. ನಲವತ್ತು ವರ್ಷ ಬದಲಾಗದೆ ನಿಂತ ಜಾಗದಲ್ಲಿಯೇ ವ್ಯವಸ್ಥೆಯನ್ನು ಕತ್ತರಿಸಿ ಎರಡಾಗಿಸುವುದು ಜಾಣತನ. ಬೇಗ ಸಾಯುವುದು ಆ ಕಡೆ, ಬಾಳುವುದು ಈ ಕಡೆ.

ಈಗ ಒಂದೊಂದಾಗಿ ನೋಡೋಣ. ವೀಮ್ ಪ್ರೊ ಅಂಗೈಗಿಂತ ತುಸು ಅಗಲದ ಕಪ್ಪು ಪೆಟ್ಟಿಗೆ. ಪರದೆ ಇಲ್ಲ, ಹೆಚ್ಚಿನದೆಲ್ಲ ಫೋನಿನ ಆ್ಯಪ್‌ನಿಂದಲೇ ನಡೆಯಬೇಕು. ಹಿಂಬದಿಯಲ್ಲಿ ಕೋಆಕ್ಸಿಯಲ್ (ಅದೇ ಡಿಜಿಟಲ್ ಕೊಂಡಿಯ ಲೋಹದ ತಂತಿಯ ರೂಪ), ಆಪ್ಟಿಕಲ್, ಅನಲಾಗ್ ಮೂರೂ ಬಗೆಯ ಔಟ್‌ಪುಟ್ ಇವೆ. ಜೊತೆಗೆ ಈಥರ್ನೆಟ್ ಕಿಂಡಿಯೂ ಇದೆ. ಈ ಕೊನೆಯದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ದಪ್ಪ ಗೋಡೆಗಳ ಹಳೆಯ ಮನೆಯಲ್ಲಿ ವೈಫೈ ಎರಡು ಕೋಣೆ ದಾಟುವುದರೊಳಗೆ ಸೊರಗುತ್ತದೆ, ಹಾಡು ನಡುವೆ ನಿಂತರೆ ಜನ ಡ್ಯಾಕ್ ಅನ್ನು ಬೈಯುತ್ತಾರೆ. ರೂಟರಿನಿಂದ ತಂತಿಯೊಂದನ್ನು ಬಾಗಿಲ ಚೌಕಟ್ಟಿನ ಪಕ್ಕದಲ್ಲಿ ಎಳೆದ ಮೇಲೆ ನಮ್ಮಲ್ಲಿ ಒಂದು ದಿನವೂ ಹಾಡು ತಡವರಿಸಿಲ್ಲ.

ಸ್ಟ್ರೀಮರ್ ಕೊಳ್ಳುವವರು ಒಂದು ಪರೀಕ್ಷೆಯನ್ನು ಮಾಡಿಯೇ ಕೊಳ್ಳಬೇಕು. ಕಛೇರಿಯ ಧ್ವನಿಮುದ್ರಣಗಳಲ್ಲಿ ಆಲಾಪನೆ, ಕೃತಿ, ಸ್ವರಪ್ರಸ್ತಾರಗಳನ್ನು ಬೇರೆ ಬೇರೆ ಟ್ರ್ಯಾಕುಗಳಾಗಿ ಗುರುತಿಸಿದ್ದರೂ ತಂಬೂರಿಯ ಶ್ರುತಿ ನಡುವೆ ಎಲ್ಲಿಯೂ ತುಂಡಾಗುವುದಿಲ್ಲ. ಕೆಲವು ಸ್ಟ್ರೀಮರುಗಳು ಒಂದು ಫೈಲ್ ಮುಗಿಸಿ ಇನ್ನೊಂದನ್ನು ತೆರೆಯುವಾಗ ಅರ್ಧ ಸೆಕೆಂಡು ಮೌನವಾಗುತ್ತವೆ. ಸಿನಿಮಾ ಹಾಡು ಕೇಳುವವರಿಗೆ ಅದು ಗೊತ್ತೂ ಆಗುವುದಿಲ್ಲ. ತೋಡಿಯ ಆಲಾಪನೆ ಮುಗಿದು ಪಿಟೀಲಿನವರು ಎತ್ತಿಕೊಳ್ಳುವ ಜಾಗದಲ್ಲಿ ಶ್ರುತಿ ಕಡಿದರೆ ಕೇಳುಗನಿಗೆ ಮೆಟ್ಟಿಲು ತಪ್ಪಿದ ಹಾಗೆ ಆಗುತ್ತದೆ. ಮನೆಯ ಹಾರ್ಡ್ ಡಿಸ್ಕಿನಲ್ಲಿರುವ ಫ್ಲ್ಯಾಕ್ (ನಾದ ಕೆಡದಂತೆ ಕುಗ್ಗಿಸಿದ) ಫೈಲುಗಳನ್ನು ವೀಮ್ ಪ್ರೊ ಅಂತರವಿಲ್ಲದೆ ನುಡಿಸಿತು. ನಾನು ಮೆಚ್ಚಿದ ಮೊದಲ ಗುಣ ಇದು.

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಬಳಸಿ ಸ್ಟ್ರೀಮರನ್ನು ತಾವೇ ಕಟ್ಟಿಕೊಳ್ಳುವ ಸ್ನೇಹಿತರು ನನಗಿದ್ದಾರೆ. ಬೋರ್ಡಿನ ಮೇಲೆ ಡಿಜಿಟಲ್ ಔಟ್‌ಪುಟ್ಟಿನ ಇನ್ನೊಂದು ಸಣ್ಣ ಬೋರ್ಡ್ ಕೂರಿಸಿ, ವಾಲ್ಯುಮಿಯೊ ಅಥವಾ ಮೂಡ್ ಎಂಬ ತಂತ್ರಾಂಶ ಹಾಕಿದರೆ ಕೆಲಸ ಮುಗಿಯಿತು. ತಂತ್ರಾಂಶ ಯಾವ ಒಂದು ಕಂಪನಿಯ ಮರ್ಜಿಯಲ್ಲೂ ಇಲ್ಲದಿರುವುದು ಅದರ ದೊಡ್ಡ ಬಲ. ಆದರೆ ಕರೆಂಟ್ ಏಕಾಏಕಿ ಹೋದಾಗ ಅದರ ಮೆಮೊರಿ ಕಾರ್ಡ್ ಕೆಡುವುದುಂಟು. ನಮ್ಮ ಬಡಾವಣೆಯಲ್ಲಿ ಮಳೆಗಾಲದ ಸಂಜೆಗಳು ಹೇಗಿರುತ್ತವೆ ಎಂದು ಗೊತ್ತಿದ್ದ ನಾನು ಆ ದಾರಿ ಹಿಡಿಯಲಿಲ್ಲ. ಕಾರ್ಡಿನ ಒಂದು ನಕಲನ್ನು ಮೇಜಿನ ಖಾನೆಯಲ್ಲಿ ಇಟ್ಟುಕೊಳ್ಳುವ ಶಿಸ್ತಿರುವವರಿಗೆ ಅದು ಒಳ್ಳೆಯ ಆಯ್ಕೆ.

ಡ್ಯಾಕ್ ಎಂದರೆ ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿ ಪರಿವರ್ತಿಸುವ ಪೆಟ್ಟಿಗೆ. ಸಿಡಿಯ ಮೇಲೆ ಸೆಕೆಂಡಿಗೆ 44,100 ಅಳತೆಗಳು, ಪ್ರತಿ ಅಳತೆಗೂ 16 ಬಿಟ್. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂದರೆ, ಆರಂಭದ ದಿನಗಳಲ್ಲಿ ಡಿಜಿಟಲ್ ಧ್ವನಿಯನ್ನು ವಿಡಿಯೊ ಟೇಪಿನ ಮೇಲೆ ಬರೆಯುತ್ತಿದ್ದರು. ಪ್ರತಿ ಗೆರೆಗೆ 3 ಅಳತೆ, ಒಂದು ಕ್ಷೇತ್ರಕ್ಕೆ (ವಿಡಿಯೊದ ಅರ್ಧ ಚಿತ್ರಕ್ಕೆ) 245 ಗೆರೆ, ಸೆಕೆಂಡಿಗೆ 60 ಕ್ಷೇತ್ರ ಎಂದು ಗುಣಿಸಿದರೆ 44,100 ಬರುತ್ತದೆ. ಟೇಪು ಹೋಯಿತು, ಸಂಖ್ಯೆ ಉಳಿಯಿತು. ಇದರಿಂದ 22 ಕಿಲೋಹರ್ಟ್ಸ್‌ವರೆಗಿನ ಧ್ವನಿ ಹಿಡಿಯಬಹುದು, ಮನುಷ್ಯನ ಕಿವಿಗೆ ಅದಕ್ಕಿಂತ ಮೇಲಿನದು ಕೇಳಿಸುವುದಿಲ್ಲ. ನನ್ನ ವಯಸ್ಸಿನಲ್ಲಂತೂ 13 ಕಿಲೋಹರ್ಟ್ಸ್ ದಾಟಿದ್ದೂ ಕೇಳಿಸುವುದಿಲ್ಲ. ಆದ್ದರಿಂದ ಪೆಟ್ಟಿಗೆಯ ಮೇಲೆ 768 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 7,68,000 ಅಳತೆ, ಎಂದು ಅಚ್ಚಾಗಿರುವುದನ್ನು ನೋಡಿ ಯಾರೂ ದುಡ್ಡು ಹೆಚ್ಚು ಕೊಡಬೇಕಾಗಿಲ್ಲ.

ಟಾಪಿಂಗ್‌ನ ಈ ಡ್ಯಾಕ್‌ನೊಳಗೆ ಜಪಾನಿನ ಎಕೆಎಂ ಕಂಪನಿಯ ಚಿಪ್ ಇದೆ. ಆ ಕಂಪನಿಯ ನೊಬೆಯೊಕಾ ಕಾರ್ಖಾನೆಗೆ 2020ರ ಅಕ್ಟೋಬರಿನಲ್ಲಿ ಬೆಂಕಿ ಬಿದ್ದು ಜಗತ್ತಿನಾದ್ಯಂತ ಡ್ಯಾಕ್ ತಯಾರಕರು ರಾತ್ರೋರಾತ್ರಿ ಬೇರೆ ಚಿಪ್ ಹುಡುಕಬೇಕಾಯಿತು. ಒಂದೇ ಹೆಸರಿನ ಯಂತ್ರ ಬೇರೆ ಚಿಪ್‌ನೊಂದಿಗೆ ಬಂದರೂ ಕೇಳುವವರಲ್ಲಿ ಹೆಚ್ಚಿನವರಿಗೆ ವ್ಯತ್ಯಾಸ ತಿಳಿಯಲಿಲ್ಲ ಎಂಬುದೇ ನನಗೆ ಆ ಘಟನೆಯಲ್ಲಿ ಕುತೂಹಲದ ಸಂಗತಿ. ಚಿಪ್ಪಿನ ಹೆಸರು ಹಿಡಿದು ವಾದಿಸುವುದರಲ್ಲಿ ಅರ್ಥವಿಲ್ಲ. ಕಿಂಡಿಗಳನ್ನು ಎಣಿಸುವುದು ಮೇಲು. ಇದರಲ್ಲಿ ಯುಎಸ್‌ಬಿ, ಕೋಆಕ್ಸಿಯಲ್, ಆಪ್ಟಿಕಲ್ ಎಂಬ ಮೂರು ಇನ್‌ಪುಟ್ ಇವೆ, ರಿಮೋಟ್ ಇದೆ, ಐದು ವೋಲ್ಟ್‌ನಲ್ಲಿ ನಡೆಯುವುದರಿಂದ ಒಳ್ಳೆಯ ಫೋನ್ ಚಾರ್ಜರ್ ಸಾಕು. ಎದುರಿನ ಸಣ್ಣ ಪರದೆಯ ಮೇಲೆ ಒಳಗೆ ಬರುತ್ತಿರುವ ಸ್ಯಾಂಪ್ಲಿಂಗ್ ದರ, ಅಂದರೆ ಸೆಕೆಂಡಿಗೆ ಎಷ್ಟು ಸಾವಿರ ಅಳತೆ ಎಂಬುದು, ಕಾಣುತ್ತದೆ.

ಆ ಪರದೆಯನ್ನು ಅಲಂಕಾರವೆಂದು ತಿಳಿದಿದ್ದೆ, ಈಗ ಅದಿಲ್ಲದ ಡ್ಯಾಕ್ ಕೊಳ್ಳಬೇಡಿ ಎಂದು ಹೇಳುವಷ್ಟು ಅದರ ಮೇಲೆ ನಂಬಿಕೆ ಬಂದಿದೆ. ಮೊದಲ ವಾರ ಆ್ಯಂಡ್ರಾಯ್ಡ್ ಫೋನನ್ನು ಯುಎಸ್‌ಬಿ ತಂತಿಯಿಂದ ನೇರವಾಗಿ ಡ್ಯಾಕ್‌ಗೆ ಸಿಕ್ಕಿಸಿ ಸಿಡಿಯಿಂದ ತೆಗೆದ ಫೈಲನ್ನು ನುಡಿಸಿದೆ. ಪರದೆಯ ಮೇಲೆ 44.1 ಇರಬೇಕಾದಲ್ಲಿ 48 ಎಂದು ತೋರಿಸುತ್ತಿತ್ತು. ಫೋನಿನ ಕಾರ್ಯವ್ಯವಸ್ಥೆಯು ಸಾಮಾನ್ಯವಾಗಿ ಎಲ್ಲ ಧ್ವನಿಯನ್ನೂ ತನ್ನ ಮಿಕ್ಸರಿನೊಳಗೆ ಹಾಕಿ 48 ಕಿಲೋಹರ್ಟ್ಸ್‌ಗೆ ಮಾರ್ಪಡಿಸಿಯೇ ಹೊರಗೆ ಬಿಡುತ್ತದೆ. ಅದನ್ನು ತಪ್ಪಿಸುವ ಪ್ರತ್ಯೇಕ ಆ್ಯಪ್ ಹಾಕಿದ ಕ್ಷಣ ಅಂಕಿ 44.1ಕ್ಕೆ ಬದಲಾಯಿತು. ಕಿವಿಗೆ ವ್ಯತ್ಯಾಸ ಕೇಳಿಸಿತೆ? ಪ್ರಾಮಾಣಿಕವಾಗಿ ಹೇಳುವುದಾದರೆ ಇಲ್ಲ. ಆದರೂ ಫೈಲ್ ಎಲ್ಲಿ ಬದಲಾಗುತ್ತಿದೆ ಎಂದು ಕಣ್ಣಿಗೆ ಕಾಣುವುದು ಒಳ್ಳೆಯದು. ಅಟ್ಟದಿಂದ ಇಳಿಸಿದ ಡಿವಿಡಿ ಪ್ಲೇಯರಿನ ವಿಚಾರದಲ್ಲೂ ಇದೇ ಪರದೆ ಉಪಯೋಗಕ್ಕೆ ಬಂತು. ಅದರ ಮೆನುವಿನಲ್ಲಿ ಧ್ವನಿ ಔಟ್‌ಪುಟ್ ಯಾವ ಬಗೆಯದು ಎಂಬ ಆಯ್ಕೆಯನ್ನು ಬದಲಿಸುವವರೆಗೆ ಡ್ಯಾಕ್ ಏನನ್ನೂ ಹಿಡಿಯಲಿಲ್ಲ; ಪಿಸಿಎಂ (ಸಂಕೇತಿಸದ ಬರೀ ಅಳತೆಗಳು) ಎಂದು ಆರಿಸಿದ ಕೂಡಲೇ 44.1 ಮೂಡಿತು.

ಹಳೆಯ ಡಿವಿಡಿ ಪ್ಲೇಯರ್ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಅದರ ಹಿಂಭಾಗದಲ್ಲಿ ಕಿತ್ತಳೆ ಬಣ್ಣದ ದುಂಡು ಕಿಂಡಿ ಇದ್ದರೆ ಅದೇ ಕೋಆಕ್ಸಿಯಲ್ ಡಿಜಿಟಲ್ ಔಟ್‌ಪುಟ್. ಅಂಕಿಗಳನ್ನು ಸರಿಯಾಗಿ ಓದಿ ಹೊರಗೆ ಕಳಿಸಿದರೆ ಅದರ ಕೆಲಸ ಮುಗಿಯಿತು, ನಾದವನ್ನು ಮಾಡುವ ಹೊಣೆ ಡ್ಯಾಕ್‌ನದು. ಹೊಸದಾಗಿ ಕೊಳ್ಳುವವರಿಗೆ ಕೇಂಬ್ರಿಡ್ಜ್ ಆಡಿಯೊ ಕಂಪನಿಯ ಸಿಎಕ್ಸ್‌ಸಿಯಂತಹ, ಸಿಡಿ ಓದಿ ಅಂಕಿಗಳನ್ನಷ್ಟೇ ಹೊರಗೆ ಕಳಿಸುವ ಟ್ರಾನ್ಸ್‌ಪೋರ್ಟ್‌ಗಳಿವೆ. ಅದರಲ್ಲಿ ಅನಲಾಗ್ ಔಟ್‌ಪುಟ್ಟೇ ಇಲ್ಲ, ಸಿಡಿ ಬಿಟ್ಟು ಬೇರೇನನ್ನೂ ಓದುವುದಿಲ್ಲ. ಒಂದೇ ಕೆಲಸಕ್ಕೆಂದು ಕಟ್ಟಿದ ಯಂತ್ರ. ತಟ್ಟೆಯ ನಯವಾದ ಚಲನೆ, ಸದ್ದಿಲ್ಲದ ಮೋಟಾರು, ಎದುರಿನ ಗುಂಡಿಗಳ ಅಚ್ಚುಕಟ್ಟು ಇವಕ್ಕೆ ಬೆಲೆ ಕೊಡುವವರು ಅದನ್ನು ಧಾರಾಳವಾಗಿ ಕೊಳ್ಳಬಹುದು. ನನ್ನ ಬಳಿ ಇರುವ ಮುನ್ನೂರು ಚಿಲ್ಲರೆ ಸಿಡಿಗಳಲ್ಲಿ ಅರ್ಧವನ್ನು ಆಗಲೇ ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ತಂತ್ರಾಂಶ ಬಳಸಿ ಹಾರ್ಡ್ ಡಿಸ್ಕಿಗೆ ಇಳಿಸಿದ್ದೆ. ಎಲ್ಲವನ್ನೂ ಇಳಿಸಿದರೂ 100 ಜಿಬಿ ಆಸುಪಾಸಿನಲ್ಲಿ ಮುಗಿಯುತ್ತದೆ. ಆದ್ದರಿಂದ ಇನ್ನೊಂದು ಯಂತ್ರದ ಖರ್ಚು ನನಗೆ ಸಮ್ಮತವಾಗಲಿಲ್ಲ.

ಈಗ ನಾದದ ಮಾತು. ವೀಮ್ ಪ್ರೊ ಒಳಗೇ ಒಂದು ಡ್ಯಾಕ್ ಇದೆ. ಅದರ ಅನಲಾಗ್ ಔಟ್‌ಪುಟ್ಟನ್ನು ನೇರವಾಗಿ ಆಂಪ್ಲಿಫೈಯರಿಗೆ ಕೊಟ್ಟರೂ ಹಾಡು ಬರುತ್ತದೆ. ಹಾಗಾದರೆ ಬೇರೆ ಡ್ಯಾಕ್ ಏಕೆ ಎಂದು ನನ್ನ ಮಗಳು ಕೇಳಿದಳು, ನ್ಯಾಯವಾದ ಪ್ರಶ್ನೆ. ಎರಡನ್ನೂ ಹೋಲಿಸುವ ಮೊದಲು ಸದ್ದಿನ ಮಟ್ಟ ಸಮವಿರಬೇಕು, ಏಕೆಂದರೆ ಕೂದಲೆಳೆಯಷ್ಟು ಜೋರಾಗಿರುವುದು ಕಿವಿಗೆ ಉತ್ತಮವೆಂದೇ ತೋರುತ್ತದೆ. 100 ಹರ್ಟ್ಸ್‌ನ ಪರೀಕ್ಷಾ ಸ್ವರವನ್ನು ನುಡಿಸಿ, ಸ್ಪೀಕರಿನ ತುದಿಗಳಿಗೆ ಸಾಧಾರಣ ಮಲ್ಟಿಮೀಟರ್ ಹಿಡಿದೆ. ಡ್ಯಾಕ್‌ನಿಂದ 1.04 ವೋಲ್ಟ್, ಸ್ಟ್ರೀಮರಿನಿಂದ 1.00 ವೋಲ್ಟ್. ಡೆಸಿಬೆಲ್ ಲೆಕ್ಕದಲ್ಲಿ ಇದು ಮೂರರಲ್ಲಿ ಒಂದು ಪಾಲು ಮಾತ್ರ. ಸರಿಪಡಿಸುವ ಮೊದಲು ಡ್ಯಾಕ್‌ನಿಂದ ಬರುವ ವೀಣೆಯ ಮೀಟಿನಲ್ಲಿ ಹೆಚ್ಚು ಜೀವವಿದೆ ಎಂದು ನಾನು ಆಣೆಯಿಟ್ಟು ಹೇಳುತ್ತಿದ್ದೆ. ಮಟ್ಟವನ್ನು ಸಮ ಮಾಡಿ, ಮಗಳು ನನ್ನ ಬೆನ್ನ ಹಿಂದೆ ನಿಂತು ಹನ್ನೆರಡು ಸಲ ತನಗೆ ತೋಚಿದಂತೆ ಬದಲಿಸಿ ಕೇಳಿಸಿದಳು. ದೊರೆಸ್ವಾಮಿ ಅಯ್ಯಂಗಾರರ ವೀಣೆ, ಮಲ್ಲಿಕಾರ್ಜುನ ಮನ್ಸೂರರ ಗಾಯನ, ಬರೀ ತಂಬೂರಿ ಇವು ನಾನು ಆರಿಸಿಕೊಂಡ ತುಣುಕುಗಳು. ಏಳು ಸಲ ಸರಿ ಹೇಳಿದೆ, ಐದು ಸಲ ತಪ್ಪಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ತಂಬೂರಿಯನ್ನು ಆರಿಸಿದ್ದಕ್ಕೆ ಕಾರಣವಿದೆ. ಕುದುರೆಯ ಮೇಲೆ ತಂತಿಯ ಕೆಳಗೆ ಸೇರಿಸುವ ದಾರದ ಎಳೆಯಿಂದ ಹುಟ್ಟುವ ಝೇಂಕಾರದಲ್ಲಿ ಮೂಲ ಸ್ವರಕ್ಕಿಂತ ಬಹಳ ಮೇಲಿನವರೆಗೆ ಉಪಸ್ವರಗಳು ಪದರ ಪದರವಾಗಿ ಹರಡಿರುತ್ತವೆ. ಅಗ್ಗದ ಬ್ಲೂಟೂತ್ ಸ್ಪೀಕರಿನಲ್ಲಿ ಅದು ಜೇನುನೊಣದ ಗುಂಯ್ ಎಂಬ ಒಂದೇ ಸದ್ದಾಗಿ ಕರಗುತ್ತದೆ. ಒಳ್ಳೆಯ ಸ್ಪೀಕರಿನಲ್ಲಿ ಪಂಚಮದ ತಂತಿ ಸುಮ್ಮನಾಗುತ್ತಿರುವಾಗ ಮಂದ್ರ ಷಡ್ಜದೊಳಗಿಂದ ಅಂತರ ಗಾಂಧಾರ ತಾನಾಗಿಯೇ ಕೇಳಿಬರುತ್ತದೆ. ಎರಡೂ ಡ್ಯಾಕ್‌ಗಳಲ್ಲಿ ಆ ಗಾಂಧಾರ ಒಂದೇ ರೀತಿ ಬಂತು. ಸ್ಪೀಕರುಗಳನ್ನು ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ ಎಳೆದಾಗ ಮಾತ್ರ ಅದು ಸ್ಪಷ್ಟವಾಗಿ ಬದಲಾಯಿತು. ಖರ್ಚಿಲ್ಲದ ಸುಧಾರಣೆಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ.

ಹಾಗಿದ್ದೂ ಡ್ಯಾಕ್ ಅನ್ನು ಇಟ್ಟುಕೊಂಡಿದ್ದೇನೆ, ಕಾರಣ ಬೇರೆ. ಸಿಡಿ, ಟಿವಿ, ಸ್ಟ್ರೀಮರ್ ಮೂರಕ್ಕೂ ನಡುವೆ ಒಂದು ಕೂಡುರಸ್ತೆ ಬೇಕಿತ್ತು. ಟಿವಿಯ ಆಪ್ಟಿಕಲ್, ಡಿವಿಡಿ ಪ್ಲೇಯರಿನ ಕೋಆಕ್ಸಿಯಲ್ ಎರಡೂ ಡ್ಯಾಕ್‌ಗೆ ಬರುತ್ತವೆ. ಸ್ಟ್ರೀಮರಿಗೆ ಡ್ಯಾಕ್‌ನಲ್ಲಿ ಕಿಂಡಿ ಸಾಲದಾದಾಗ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುವ, ಎರಡು ಆಪ್ಟಿಕಲ್ ತಂತಿಗಳಲ್ಲಿ ಒಂದನ್ನು ಆರಿಸುವ ಸಣ್ಣ ಸ್ವಿಚ್ ಹಾಕಿದೆ. ಕೇಳುವ ಮೂಲ ಒಂದೇ ಇರುವವರು, ಅಂದರೆ ಫೋನಿನಿಂದ ಸ್ಟ್ರೀಮರಿಗೆ ಕಳಿಸಿ ಕೇಳುವುದಷ್ಟೇ ಸಾಕು ಎನ್ನುವವರು, ಬೇರೆ ಡ್ಯಾಕ್ ಕೊಳ್ಳುವುದು ವ್ಯರ್ಥ. ಆ ಹಣವನ್ನು ಸ್ಪೀಕರಿಗೆ ಸೇರಿಸಲಿ. ಅಂಗಡಿಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಬಿಡಿ ಭಾಗಗಳ ಕಷ್ಟಗಳನ್ನೂ ಹೇಳಬೇಕು. ಮೂರು ಪೆಟ್ಟಿಗೆ ಎಂದರೆ ಮೂರು ಪ್ಲಗ್ಗು, ಬೇರೆ ಬೇರೆ ರಿಮೋಟು, ಮತ್ತು ಸದ್ದು ಹೆಚ್ಚು ಕಡಿಮೆ ಮಾಡುವ ಮೂರು ಜಾಗ. ಸ್ಟ್ರೀಮರಿನ ಆ್ಯಪ್‌ನಲ್ಲಿ, ಡ್ಯಾಕ್‌ನಲ್ಲಿ, ಆಂಪ್ಲಿಫೈಯರಿನಲ್ಲಿ ಬೇರೆ ಬೇರೆಯಾಗಿ ಸದ್ದನ್ನು ಇಳಿಸಿಟ್ಟರೆ ಕೊನೆಗೆ ಬರುವುದು ಪಿಸುಮಾತು. ಮೊದಲ ಎರಡನ್ನು ಪೂರ್ಣ ಮಟ್ಟದಲ್ಲಿ ಸ್ಥಿರಗೊಳಿಸಿ ಆಂಪ್ಲಿಫೈಯರಿನ ತಿರುಪೊಂದನ್ನೇ ಬಳಸುವುದು ಸರಿಯಾದ ಕ್ರಮ. ಹಾಗೆ ಸ್ಥಿರಗೊಳಿಸಿದ ದಿನವೇ ಆಂಪ್ಲಿಫೈಯರಿನ ತಿರುಪನ್ನು ಇಳಿಸಲು ಮರೆತು ಹಾಡು ಹಾಕಿದ ನಾನು, ಮೃದಂಗದ ಒಂದೇ ಏಟಿಗೆ ಅಡುಗೆಮನೆಯಿಂದ ಹೆಂಡತಿ ಓಡಿಬರುವಂತೆ ಮಾಡಿದೆ. ಸ್ಪೀಕರ್ ಉಳಿದದ್ದು ಪುಣ್ಯ.

ಕೇಬಲ್ಲಿನ ವಿಚಾರಕ್ಕೆ ಹೆಚ್ಚು ಮಾತು ಬೇಡ. ಕೋಆಕ್ಸಿಯಲ್ ತಂತಿ 75 ಓಮ್‌ನದ್ದಾಗಿದ್ದರೆ ಸಾಕು. ಡ್ಯಾಕ್‌ಗಿಂತ ದುಬಾರಿಯಾದ ತಂತಿಯನ್ನು ನನಗೆ ಒಬ್ಬರು ತೋರಿಸಿದರು. ಮೂಗಿಗಿಂತ ಮೂಗುತಿ ಭಾರ. ಆದರೆ ಯಾವ ಬಗೆಯ ತಂತಿ ಎಂಬುದು ನಿಜವಾಗಿಯೂ ಮುಖ್ಯವಾಗುವ ಒಂದು ಸಂದರ್ಭವಿದೆ. ಮೇಜಿನ ಕಂಪ್ಯೂಟರನ್ನು ಯುಎಸ್‌ಬಿಯಿಂದ ಡ್ಯಾಕ್‌ಗೆ ಜೋಡಿಸಿದಾಗ, ಹಾಡು ನಿಂತಿದ್ದರೂ, ಮೌಸ್ ಅಲ್ಲಾಡಿಸಿದಾಗಲೆಲ್ಲ ಸ್ಪೀಕರಿನಲ್ಲಿ ಚಿರ್ ಚಿರ್ ಎಂಬ ಸದ್ದು ಬರುತ್ತಿತ್ತು. ಕಂಪ್ಯೂಟರಿನ ಅರ್ತಿಂಗ್ ಮತ್ತು ಆಂಪ್ಲಿಫೈಯರಿನ ಅರ್ತಿಂಗ್ ಸೇರಿ ಒಂದು ಸುತ್ತು ಏರ್ಪಟ್ಟು, ಅದರೊಳಗೆ ಕಂಪ್ಯೂಟರಿನ ಕಸವೆಲ್ಲ ಹರಿದು ಬರುವುದೇ ಇದಕ್ಕೆ ಕಾರಣ. ಕೆಲವರು ಪ್ಲಗ್ಗಿನ ಅರ್ತಿಂಗ್ ಪಿನ್ನನ್ನೇ ಕಿತ್ತುಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಪ್ರಾಣಕ್ಕೆ ಇರುವ ಕಾವಲು. ಕಂಪ್ಯೂಟರಿನ ಆಪ್ಟಿಕಲ್ ಔಟ್‌ಪುಟ್ಟಿನಿಂದ ಬೆಳಕಿನ ತಂತಿ ಹಾಕಿದೆ. ಬೆಳಕಿನಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಸುತ್ತು ಕಡಿಯಿತು, ಸದ್ದು ಮಾಯವಾಯಿತು. ಆಪ್ಟಿಕಲ್‌ನಲ್ಲಿ 96 ಕಿಲೋಹರ್ಟ್ಸ್‌ಗಿಂತ ಮೇಲೆ ಎಲ್ಲ ಯಂತ್ರಗಳೂ ಭರವಸೆ ಕೊಡುವುದಿಲ್ಲ ಎಂಬ ಮಿತಿಯೇನೋ ಇದೆ, ಮೇಲೆ ಹೇಳಿದ ಲೆಕ್ಕದಂತೆ ನನಗೆ ಅದರಿಂದ ನಷ್ಟವೇನಿಲ್ಲ.

ಇನ್ವರ್ಟರ್ ಇರುವ ಮನೆಯವರು ಇನ್ನೊಂದನ್ನು ಗಮನಿಸಬೇಕು. ಚೌಕ ಅಲೆಯ ಹಳೆಯ ಇನ್ವರ್ಟರ್ ಮೇಲೆ ಆಂಪ್ಲಿಫೈಯರಿನೊಳಗಿನ ಟ್ರಾನ್ಸ್‌ಫಾರ್ಮರ್ ಗೊರ್ ಎನ್ನುತ್ತದೆ. ಅದನ್ನು ಡ್ಯಾಕ್‌ನ ದೋಷವೆಂದು ತಿಳಿದು ವಾಪಸು ಕಳಿಸಿದವರನ್ನು ನಾನು ಬಲ್ಲೆ. ಶುದ್ಧ ಸೈನ್ ಅಲೆಯ ಇನ್ವರ್ಟರಿನಲ್ಲಿ ಈ ತೊಂದರೆ ಇಲ್ಲ.

ಹದಿಮೂರು ತಿಂಗಳಲ್ಲಿ ವೀಮ್ ಪ್ರೊ ಹಲವು ಸಲ ತಂತ್ರಾಂಶ ನವೀಕರಿಸಿಕೊಂಡಿದೆ, ಡ್ಯಾಕ್ ಒಂದು ದಿನವೂ ಕೈಕೊಟ್ಟಿಲ್ಲ. ಡಿವಿಡಿ ಪ್ಲೇಯರ್ ಮಾತ್ರ ಮೊನ್ನೆಯಿಂದ ತಟ್ಟೆ ಹೊರಗೆ ತಳ್ಳಲು ತಡವರಿಸುತ್ತಿದೆ. ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿರಬೇಕು. ಬೆರಳಿನಿಂದ ಮೆಲ್ಲಗೆ ಎಳೆದರೆ ಬರುತ್ತದೆ. ಬೆಲ್ಟ್ ಸಿಗದಿದ್ದರೆ ಇನ್ನೊಂದು ಹಳೆಯ ಪ್ಲೇಯರ್ ತರುತ್ತೇನೆ, ಕಿತ್ತಳೆ ಕಿಂಡಿ ಇದ್ದರಾಯಿತು. ಉಳಿದ ಯಾವ ತಂತಿಯನ್ನೂ ಮುಟ್ಟಬೇಕಾಗಿಲ್ಲ.